ಬೆಂಡು ಕಟ್ಟಿದ ಡ್ರೋನು

ಜುಂಜೇಶ ಮದುವೆಮನೆಗಳಲ್ಲಿ ಕ್ಯಾಮೆರಾ ಹಿಡಿಯುವವನು. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಓಬಳೇಶನ ಸ್ಟುಡಿಯೋದಲ್ಲಿ ಆಲ್ಬಂ ಅಂಟಿಸುವ ಕೆಲಸಕ್ಕೆ ಸೇರಿ, ಅಲ್ಲೇ ಫೋಟೋ ಕಲಿತು, ವಿಡಿಯೋ ಕಲಿತು, ಕೊನೆಗೆ ಸೆಕೆಂಡ್ ಹ್ಯಾಂಡಿನಲ್ಲಿ ತನ್ನದೇ ಒಂದು ಡ್ರೋನು ಕೊಂಡುಕೊಂಡಿದ್ದ. ಅವನ ಊರು ಮಾಡದಕೆರೆ ಕಡೆಯ ಒಂದು ಗೊಲ್ಲರಹಟ್ಟಿ. ಮನೆತನದ ಕಸುಬು ಕುರಿ. ಅಪ್ಪ ತೀರಿಕೊಂಡ ಮೇಲೆ ಮಂದೆ ತಮ್ಮ ಬಾಲರಾಜುವಿನ ಪಾಲಿಗೆ ಬಂತು. ಪಾಲು ಅಂತ ಯಾರೂ ಕೂತು ಹಂಚಿದ್ದಲ್ಲ. ಅಣ್ಣನಿಗೆ ಕುರಿ ಹಿಂದೆ ತಿರುಗುವುದು ಹಿಡಿಸಲಿಲ್ಲ, ತಮ್ಮನಿಗೆ ಅದೊಂದನ್ನು ಬಿಟ್ಟು ಬೇರೇನೂ ಹಿಡಿಸಲಿಲ್ಲ, ಅಷ್ಟೆ.

ಬಾಲರಾಜು ಮಾತು ಕಮ್ಮಿ, ನಗು ಜಾಸ್ತಿ. ಹೊಳಲ್ಕೆರೆ ಕಡೆಯ ಗಂಗಾಳನ್ನು ಮದುವೆಯಾಗಿ ಎರಡನೇ ವರ್ಷ ನಡೆಯುತ್ತಿತ್ತು. ಆ ಮದುವೆಯ ವಿಡಿಯೋ ತೆಗೆದವನೂ ಜುಂಜೇಶನೇ. ಹಟ್ಟಿಯ ಮೇಲೆ ಡ್ರೋನು ಹಾರಿದಾಗ ಬೆದರಿ ಚೆದುರಿದ ಕುರಿಗಳನ್ನು ಒಟ್ಟು ಮಾಡಲು ಮದುವೆ ಗಂಡೇ ಪೇಟ ಬಿಚ್ಚಿಟ್ಟು ಓಡಿದ್ದನ್ನು ಜನ ಬಹಳ ದಿನ ಹೇಳಿಕೊಂಡು ನಕ್ಕಿದ್ದರು.

ಮಾರಿಕಣಿವೆ ಅಣೆಕಟ್ಟು ತುಂಬಿದ ವರ್ಷ ಅದು. ಅಜ್ಜಂದಿರ ಕಾಲದಲ್ಲಿ ಎಂದೋ ತುಂಬಿತ್ತು ಎಂದು ಕೇಳಿದ್ದವರೆಲ್ಲ ಅದನ್ನು ಕಣ್ಣಾರೆ ಕಂಡರು. ಹಿನ್ನೀರು ಮೇಲೇರುತ್ತಾ ಏರುತ್ತಾ ಹೊಲ ಮುಳುಗಿಸಿತು, ಗಾಡಿದಾರಿ ಮುಳುಗಿಸಿತು, ಕುರಿ ಮೇಯುತ್ತಿದ್ದ ಜಾಲಿಕಾವಲನ್ನು ಮರದ ತಲೆಯವರೆಗೂ ಮುಳುಗಿಸಿತು. ಕಾವಲಿನ ನಡುವೆ ಎತ್ತರದ ಒಂದು ದಿಬ್ಬ ಮಾತ್ರ ಉಳಿಯಿತು. ಒಂದು ಮಧ್ಯಾಹ್ನ ಬಾಲರಾಜುವಿನ ಮಂದೆಯ ಅರ್ಧ ಭಾಗ ಆ ದಿಬ್ಬದ ಮೇಲಿತ್ತು. ದಿಬ್ಬಕ್ಕೆ ಹೋಗುವ ಏರುದಾರಿಯಲ್ಲಿ ಬೆಳಿಗ್ಗೆ ಮೊಣಕಾಲುದ್ದವಿದ್ದ ನೀರು, ಅವು ಹಿಂದಿರುಗುವ ಹೊತ್ತಿಗೆ ಆಳು ಮುಳುಗುವಷ್ಟಾಗಿತ್ತು.

ಮೀನು ಹಿಡಿಯುವ ಎತ್ತಪ್ಪನ ತೆಪ್ಪ ದಡದಲ್ಲಿತ್ತು. ಬಾಲರಾಜು ಅವನನ್ನು ಕಾಡಿ ಬೇಡಿ ಹೊರಡಿಸಿದ. "ಮರಿಗಳ್ನಾದ್ರೂ ತರಾಣ ಎತ್ತಪ್ಪಣ್ಣ, ರಾತ್ರಿಗೆ ಮುಳುಗ್ತಾವೆ" ಎಂದನಂತೆ. ಮರಿಗಳನ್ನು ತುಂಬಿಕೊಂಡು ಹಿಂದಿರುಗುವಾಗ ತೆಪ್ಪದ ತಳ ನೀರೊಳಗಿನ ಜಾಲಿ ಕೊಂಬೆಗೆ ಸಿಕ್ಕಿತು, ಮರಿಗಳು ಒಂದೇ ಕಡೆಗೆ ನುಗ್ಗಿದವು, ತೆಪ್ಪ ಮಗುಚಿತು. ಎತ್ತಪ್ಪ ಈಜಿ ದಡ ಸೇರಿದ. ಬಾಲರಾಜುವಿಗೆ ಈಜು ಬರುತ್ತಿರಲಿಲ್ಲ. ಕುಡಿಯುವ ನೀರಿಗೇ ಕೊಡ ಹಿಡಿದು ಅಲೆದ ಸೀಮೆಯಲ್ಲಿ ಈಜು ಕಲಿಯುವುದಾದರೂ ಎಲ್ಲಿ?

ಸಂಜೆಯೊಳಗೆ ಜುಂಜೇಶ ಬಂದ. ಮರುದಿನ ಅಗ್ನಿಶಾಮಕದವರು ರಬ್ಬರ್ ದೋಣಿ ತಂದು ಹುಡುಕಿದರು. ಕೆಳಗೆಲ್ಲ ಜಾಲಿಮುಳ್ಳಿನ ಕಾಡು. ಪಾತಾಳಗರಡಿಯ ಕೊಕ್ಕೆ ಹಾಕಿದರೆ ಕೊಂಬೆಗೆ ಕಚ್ಚಿಕೊಳ್ಳುತ್ತಿತ್ತು, ಬಲೆ ಎಳೆದರೆ ಹರಿಯುತ್ತಿತ್ತು, ಮುಳುಗಿ ನೋಡಲು ಹೋದವರು ಮೈಯೆಲ್ಲ ಗೀರಿಸಿಕೊಂಡು ಮೇಲೆ ಬಂದರು. ಹುಡುಕಾಟ ನಡೆದಿದ್ದಾಗಲೇ ಒಂದು ಬೆಳಿಗ್ಗೆ, ದಿಬ್ಬದ ಮೇಲಿದ್ದ ಕುರಿಗಳು ಹಸಿವು ತಡೆಯಲಾರದೆ ಒಂದರ ಹಿಂದೊಂದು ನೀರಿಗಿಳಿದು, ತಲೆ ಮೇಲೆತ್ತಿಕೊಂಡು, ತಾವಾಗಿಯೇ ಈಜಿ ದಡಕ್ಕೆ ಬಂದವು. ಮೈ ಕೊಡವಿಕೊಂಡು ಮೇಯತೊಡಗಿದವು. ದಡದಲ್ಲಿ ನಿಂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದಡದ ಕಲ್ಲಿನ ಮೇಲೆ ಕುಂತಿದ್ದ ಗಂಗಾ ಮಾತ್ರ ಎದ್ದು ಹೋಗಿ, ಅವನ್ನು ಅಟ್ಟಿಕೊಂಡು ರೊಪ್ಪಕ್ಕೆ ಕೂಡಿ ಬಂದು, ಮತ್ತೆ ಅದೇ ಕಲ್ಲಿನ ಮೇಲೆ ಕುಂತಳು.

"ತಾನಾಗೇ ಮೇಲಕ್ ಬರುತ್ತೆ, ಕಾಯ್ರಿ" ಎಂದು ಹೇಳಿ ದೋಣಿಯವರು ಹೊರಟುಹೋದರು. ಕಾದರು. ಮೇಲೆ ಬರಲಿಲ್ಲ. ಮುಳ್ಳು ಬಿಟ್ಟುಕೊಡಲಿಲ್ಲ.

ಜುಂಜೇಶನಿಗೆ ಗೊತ್ತಿದ್ದ ವಿದ್ಯೆ ಒಂದೇ. ಗಾಳಿ ಏಳುವ ಮುಂಚೆ, ನೀರು ಕನ್ನಡಿಯ ಹಾಗೆ ನಿಂತಿರುವಾಗ ಮೇಲಿನಿಂದ ನೋಡಿದರೆ ಕೊಂಬೆಗಳ ನೆರಳು ಒಂದಾಳಿನಷ್ಟು ಆಳದವರೆಗೂ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಡ್ರೋನು ಹಾರಿಸಿದ. ಇನ್ನೂ ಚೆನ್ನಾಗಿ ಕಾಣಲಿ ಎಂದು ಕೆಳಗೆ ಕೆಳಗೆ ಇಳಿಸಿದ. ಅದರ ಹೊಟ್ಟೆಯಲ್ಲಿರುವ ಸೆನ್ಸರ್ ಗಟ್ಟಿ ನೆಲ ಇದ್ದರೆ ಎತ್ತರ ಸರಿಯಾಗಿ ಅಳೆಯುತ್ತದೆ. ಅಲುಗಾಡುವ ನೀರಿನ ಮೇಲೆ ಮೋಸಹೋಗುತ್ತದೆ. ಅದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಒಂದು ದಿನ ಡ್ರೋನು ಎರಡು ಮರದ ತಲೆಗಳ ನಡುವೆ ತಾನಾಗಿಯೇ ಮೆಲ್ಲಗೆ ಕುಸಿಯುತ್ತಾ ಹೋಯಿತು. ಅವನು ಮೇಲೇರಿಸುವ ಗುಂಡಿ ಒತ್ತಿ ಹಿಡಿದೇ ಇದ್ದ. ಕೈಯಲ್ಲಿದ್ದ ಪರದೆಯ ತುಂಬ ಹಸಿರು ನೀರು ಬಂತು, ಆಮೇಲೆ ಕಪ್ಪಾಯಿತು.

ಓಬಳೇಶನ ಹತ್ತಿರ ಒಂದು ಹಳೆಯ ಡ್ರೋನಿತ್ತು. ಕೇಳಲು ಹೋದಾಗ ಅವನು ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ.

"ಜುಂಜೇಶ, ಇಲ್ಲ ಅನ್ನಾಕೆ ನನ್ ಬಾಯಿ ಬರಾಕಿಲ್ಲ. ಆದ್ರೆ ಇದೂ ನೀರು ಪಾಲಾದ್ರೆ ನಾನೇನ್ ಮಾಡ್ಲಿ ಹೇಳು. ಮುಳುಗ್ದಂಗೆ ಏನಾದ್ರೂ ಮಾಡ್ಕೊಂಡು ಹಾರ್ಸು."

ಹಾಗೆ ಶುರುವಾಯಿತು ಬೆಂಡಿನ ಕೆಲಸ. ಹಟ್ಟಿಯ ಮನೆಯಂಗಳದಲ್ಲಿ ಕುರಿಗಳಿಗೆ ನೀರು ಕುಡಿಸುವ ತೊಟ್ಟಿ. ಅದೇ ಪರೀಕ್ಷೆಯ ಜಾಗ. ಮುಳುಗಿ ಡ್ರೋನು ಹಾಳಾಗುವುದು ಬೇಡ ಎಂದು ಅದರಷ್ಟೇ ತೂಕಕ್ಕೆ ಮರಳು ತುಂಬಿದ ಡಬ್ಬಿ ಮಾಡಿಕೊಂಡ. ಮೊದಲು ಥರ್ಮಾಕೋಲ್ ಕಟ್ಟಿದ. ತೇಲಿತು, ಆದರೆ ಅದು ಪುಡಿಪುಡಿಯಾಗಿ ಉದುರುತ್ತಿತ್ತು, ಸ್ವಲ್ಪ ಗಾಳಿ ಬಂದರೆ ಹಾಯಿಯಂತೆ ಎಳೆಯುತ್ತಿತ್ತು. ಖಾಲಿ ನೀರಿನ ಬಾಟಲಿ ಕಟ್ಟಿದರೆ ಡಬ್ಬಿ ತಲೆಕೆಳಗಾಗಿ ತೇಲಿತು. ಹಾಗಾದರೆ ಮೋಟರುಗಳೆಲ್ಲ ನೀರೊಳಗೆ. ಕೊನೆಗೆ ಸೋಲಾರ್ ನೀರಿನ ಪೈಪಿಗೆ ಸುತ್ತುವ ಕಪ್ಪು ಫೋಮು ತಂದ. ಹಗುರ, ನೀರು ಕುಡಿಯುವುದಿಲ್ಲ. ಬಿದಿರಿನ ಎರಡು ಸೀಳುಗಳನ್ನು ಡ್ರೋನಿನ ಕಾಲಿಗೆ ಅಡ್ಡಡ್ಡ ಕಟ್ಟಿ, ನಾಲ್ಕು ತುದಿಗೂ ಫೋಮಿನ ತುಂಡು ಸಿಕ್ಕಿಸಿದ. ಕಾಲು ಅಗಲಿಸಿ ನಿಂತವರ ಹಾಗೆ ಅದು ನೀರಿನ ಮೇಲೆ ನೆಟ್ಟಗೆ ನಿಂತಿತು. ಅಷ್ಟರ ಮೇಲೂ ಮುಳುಗಿದರೆ ಇರಲಿ ಎಂದು ಎತ್ತಪ್ಪ ತನ್ನ ಬಲೆಯ ಒಂದು ಬೆಂಡು ಬಿಚ್ಚಿ ಕೊಟ್ಟ. ಅದಕ್ಕೆ ನೈಲಾನ್ ದಾರ ಸುತ್ತಿ ಡ್ರೋನಿಗೆ ಗಂಟು ಹಾಕಿದರು. ಡ್ರೋನು ಕೆಳಗೆ ಹೋದರೂ ಬೆಂಡು ಮೇಲೆ ಬಂದು ಜಾಗ ತೋರಿಸುತ್ತದೆ, ದಾರ ಹಿಡಿದು ಎಳೆದುಕೊಳ್ಳಬಹುದು.

ಗಂಗಾ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತೊಟ್ಟಿಯಲ್ಲಿ ಡ್ರೋನು ನೆಟ್ಟಗೆ ತೇಲಿದ ದಿನ ಹತ್ತಿರ ಬಂದು, ಬೆರಳಲ್ಲಿ ಅದನ್ನು ಒತ್ತಿ ಮುಳುಗಿಸಿದಳು. ಬೆರಳು ತೆಗೆದ ಕೂಡಲೇ ಅದು ಮೇಲೆ ಬಂತು. ಮತ್ತೆ ಒತ್ತಿದಳು. ಮತ್ತೆ ಮೇಲೆ ಬಂತು.

"ಭಾವ, ಇಂಥದ್ದು ನಿಮ್ ತಮ್ಮನ ಸೊಂಟಕ್ಕೆ ಇದ್ದಿದ್ರೆ ತೇಲ್ತಿದ್ರಾ?"

ಜುಂಜೇಶ ಸುಳ್ಳು ಹೇಳಬಹುದಿತ್ತು. ಬಾಯಿಗೆ ಸುಳ್ಳು ಬರಲಿಲ್ಲ.

"ಇನ್ನೂ ಸ್ವಲ್ಪ ದೊಡ್ಡದಾಗ್ ಬೇಕಾಗ್ತಿತ್ತು. ತೇಲ್ತಿದ್ದ ಕಣಮ್ಮ."

ಅವಳು ತಲೆಯಾಡಿಸಿ ಒಳಗೆ ಹೋದಳು. ಅವನು ತೊಟ್ಟಿಯ ಅಂಚಿನಲ್ಲೇ ಕುಂತ. ಫೋಮು, ಬಿದಿರು, ದಾರ. ಎಲ್ಲವೂ ಊರಲ್ಲಿ ಯಾವಾಗಲೂ ಸಿಗುವ ಸಾಮಾನೇ.

ಬೆಂಡು ಕಟ್ಟಿದ ಮೇಲೆ ಡ್ರೋನು ಭಾರವಾಯಿತು. ಬ್ಯಾಟರಿ ಬೇಗ ಇಳಿಯುತ್ತಿತ್ತು. ಒಂದು ಸಲಕ್ಕೆ ಒಂದು ಪಟ್ಟಿಯಷ್ಟು ನೀರು ನೋಡಿ ಹಿಂದಕ್ಕೆ ಕರೆಸಿಕೊಳ್ಳಬೇಕಿತ್ತು. ಎತ್ತಪ್ಪ ಮೀನಿನ ಕೆಲಸ ಬಿಟ್ಟು, ಕೊಕ್ಕೆ ಕಟ್ಟಿದ ಬಿದಿರಿನ ಗಳು ಹಿಡಿದು ತೆಪ್ಪದಲ್ಲಿ ಕಾದಿರುತ್ತಿದ್ದ. ಅವನೂ ಮೊದಲಿನ ಹಾಗಿರಲಿಲ್ಲ. ಊರವರು ಯಾರೂ ಅವನನ್ನು ಏನೂ ಅಂದಿರಲಿಲ್ಲ. ಅನ್ನದೇ ಇದ್ದದ್ದೇ ಅವನಿಗೆ ಕಷ್ಟವಾಗಿತ್ತು.

ಒಂದು ಬೆಳಿಗ್ಗೆ ಪರದೆಯಲ್ಲಿ, ಮರಗಳ ನಡುವೆ, ಕಪ್ಪಗೆ ಉದ್ದಕ್ಕೆ ಏನೋ ಕಂಡಿತು. ಜುಂಜೇಶ ಡ್ರೋನನ್ನು ಅಲ್ಲೇ ನಿಲ್ಲಿಸಿದ. "ಎಡಕ್ಕೆ ಬಾ ಎತ್ತಪ್ಪಣ್ಣ, ಇನ್ನೂ ಎಡಕ್ಕೆ" ಎಂದು ಕೂಗಿದ. ಎತ್ತಪ್ಪ ಗಳು ಚಾಚಿ ಕೊಕ್ಕೆ ಹಾಕಿ ಎಳೆದ. ಹರಿದ ಟಾರ್ಪಾಲು. ಅದನ್ನು ಅವನು ಎತ್ತಿ ತೋರಿಸುತ್ತಿದ್ದಾಗಲೇ ಎಲ್ಲಿಂದಲೋ ಒಂದು ಹದ್ದು ಡ್ರೋನಿನ ಮೇಲೆರಗಿತು. ರೆಕ್ಕೆ ಮುರಿದು, ಗಿರಗಿರ ತಿರುಗಿ, ಡ್ರೋನು ದೂರದಲ್ಲಿ ನೀರಿಗೆ ಬಿತ್ತು. ಕ್ಷಣ ಕಾಲ ಕಾಣಲಿಲ್ಲ. ಆಮೇಲೆ ಕಪ್ಪು ಕಾಲುಗಳ ಮೇಲೆ ಮೇಲಕ್ಕೆ ಬಂದು ನಿಂತಿತು.

"ತೇಲ್ತಾ ಐತೆ! ಜುಂಜೇಶಣ್ಣ, ತೇಲ್ತಾ ಐತೆ! ಸಿಗ್ತು!" ಎಂದು ಎತ್ತಪ್ಪ ತೆಪ್ಪದ ಮೇಲೆ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ.

ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಒಂದು ಪ್ರಯತ್ನ ಫಲಿಸಿತ್ತು. ಜುಂಜೇಶನ ಮುಖದಲ್ಲೂ ಏನೋ ಬೆಳಕು ಬಂದಿರಬೇಕು. ಬೆನ್ನ ಹಿಂದೆ ದಡದ ಮೇಲೆ ಕಲ್ಲು ಉರುಳಿದ ಸದ್ದಾಯಿತು. ತಿರುಗಿದ. ಮೇಲಿನ ಹೊಲದಲ್ಲಿ ಕುರಿ ಬಿಟ್ಟುಕೊಂಡಿದ್ದ ಗಂಗಾ ಸೆರಗು ಜಾರಿದ್ದೂ ತಿಳಿಯದೆ, ಚಪ್ಪಲಿ ಎಲ್ಲೋ ಬಿಟ್ಟು, ಇಳಿಜಾರಿನಲ್ಲಿ ಓಡಿ ಬರುತ್ತಿದ್ದಳು. ಅವನನ್ನು ದಾಟಿಕೊಂಡು ನೇರ ನೀರಿಗೇ ಇಳಿದಳು. ಎದೆಮಟ್ಟ ನೀರಿಗೆ ಹೋಗುವಷ್ಟರಲ್ಲಿ ಜುಂಜೇಶ ಹಿಂದಿನಿಂದ ಹೋಗಿ ತೋಳು ಹಿಡಿದ.

"ಎಲ್ಲಿ ಭಾವ? ಎಲ್ಲವ್ರೆ?"

"ಡ್ರೋನು ಕಣಮ್ಮ" ಎಂದ ಅವನು. "ಡ್ರೋನು ಬಿದ್ದಿತ್ತು. ಅದು ತೇಲ್ತು ಅಂತ ಕೂಗ್ದ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ನೀರಿನಿಂದ ಆಚೆ ಬರಲಿಲ್ಲ. ತೆಪ್ಪದ ಮೇಲೆ ಎತ್ತಪ್ಪ ಗಳು ಕೈಯಲ್ಲೇ ಹಿಡಿದು, ಕೂಗಿದ ಬಾಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಿಂತಿದ್ದ.

ಆಮೇಲೆ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಅಡುಗೆ ಮಾಡುತ್ತಿದ್ದಳು, ಕುರಿ ಬಿಡುತ್ತಿದ್ದಳು, ಕರೆದರೆ ತಿರುಗಿ ನೋಡುತ್ತಿದ್ದಳು. ಜುಂಜೇಶನ ಹೆಂಡತಿ ಲತಾ ಹೊಸದುರ್ಗದಿಂದ ಬಂದು ಜೊತೆಗಿದ್ದಳು. "ನೀವು ಹುಡುಕ್ತಾ ಇರೋವರ್ಗೂ ಅವ್ಳು ಕಾಯ್ತಾ ಇರ್ತಾಳೆ. ನಿಮಗೆ ತಿಳೀವಲ್ದು" ಎಂದು ಲತಾ ಗಂಡನಿಗೆ ಹೇಳಿದಳು. ಅವನಿಗೆ ತಿಳಿದಿತ್ತು. ನಿಲ್ಲಿಸುವುದು ಹೇಗೆಂದು ತಿಳಿದಿರಲಿಲ್ಲ. ಡ್ರೋನು ಒಣಗಿಸಿ, ಮುರಿದ ರೆಕ್ಕೆಗೆ ಬದಲಿ ಹಾಕಿ, ಮತ್ತೆ ಹಾರಿಸಿದ.

ಒಂದು ದಿನ ಗಂಗಾ ತಾನಾಗಿಯೇ ದಡಕ್ಕೆ ಬಂದು ಪಕ್ಕದಲ್ಲಿ ನಿಂತಳು. "ನಂಗೂ ತೋರಿಸ್ರಿ ಭಾವ" ಎಂದಳು. ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಡ್ರೋನು ಮರಗಳ ಸಂದಿಯಲ್ಲಿತ್ತು. ಅದನ್ನು ಮೇಲೇರಿಸಿದ. ಮರದ ತಲೆಗಳು ಸಾಸಿವೆಯಷ್ಟಾದವು, ದಿಬ್ಬ ಚಿಕ್ಕದಾಯಿತು, ಆಚೆ ದಡ ಕಂಡೀತೆಂದು ನೋಡಿದರೆ ಇನ್ನೂ ನೀರು, ಅದರಾಚೆಯ ಕಣಿವೆಗಳ ಬಾಯಲ್ಲೂ ನೀರು. ಅವಳು ಅದುವರೆಗೆ ನೋಡಿದ್ದು ಕಲ್ಲಿನ ಮೇಲೆ ಕುಂತವರ ಕಣ್ಣಿಗೆ ಕಾಣುವಷ್ಟು ಮಾತ್ರ.

"ಇಷ್ಟೊಂದು ಐತಾ?" ಎಂದಳು.

"ಐತೆ."

"ಇದ್ರಾಗೆ ಎಷ್ಟು ನೋಡಿದ್ರಿ?"

ಅವನು ಬೆರಳಿಂದ ಪರದೆಯ ಒಂದು ಮೂಲೆ ಮುಚ್ಚಿ ತೋರಿಸಿದ. ಅವಳು ಆ ಬೆರಳನ್ನೇ ನೋಡುತ್ತಾ ನಿಂತಳು. "ಇಳಿಸ್ರಿ ಭಾವ. ಸಾಕು" ಎಂದಳು. ಅವನು ಇಳಿಸಿದ. ಅವಳು ಕಲ್ಲಿನ ಮೇಲೆ ಕುಂತು, ಕೈಬಳೆಗಳನ್ನು ಒಂದೊಂದಾಗಿ ಕಳಚಿ, ನೀರಿನ ಅಂಚಿಗೆ ಇಟ್ಟಳು. ಒಡೆಯಲಿಲ್ಲ. ಒಂದು ಬಳೆ ಬಿಗಿಯಾಗಿತ್ತು. ಗಿಣ್ಣು ಕೆಂಪಾಗುವವರೆಗೂ ಎಳೆದಳು. ಜುಂಜೇಶ ಬೇರೆ ಕಡೆ ತಿರುಗಿ ನಿಂತ.

ಹಟ್ಟಿಯ ಹಿರಿಯರು ಮೊದಲಿಂದಲೂ ಹೇಳುತ್ತಿದ್ದಂತೆ ಬಾಲರಾಜುವಿನ ಕಂಬಳಿಯನ್ನೇ ಅವನೆಂದು ತಿಳಿದು ಮಣ್ಣು ಮಾಡಿದರು. ಗುಂಡಿಗೆ ಇಳಿಸುವಾಗ ಹೊರಲು ನಾಲ್ವರು ನಿಂತರು. ಒಬ್ಬ ಹಿಡಿದರೂ ಸಾಕಾಗುತ್ತಿತ್ತು.

ಜುಂಜೇಶ ಬೆಂಡುಗಳನ್ನು ಬಿಚ್ಚಿ ಡ್ರೋನನ್ನು ಓಬಳೇಶನಿಗೆ ಕೊಟ್ಟ. ಈಗ ಅವನು ಕಲ್ಯಾಣಮಂಟಪದ ಒಳಗಿನ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾನೆ. ಗಂಗಾಳ ಅಪ್ಪ ಗೊಲ್ಲಪ್ಪ ಬಂದು, ಮಗಳನ್ನೂ ಕುರಿಗಳನ್ನೂ ಹೊಳಲ್ಕೆರೆ ಕಡೆಗೆ ಕರೆದುಕೊಂಡು ಹೋದ. ಅಲ್ಲಿ ಅವಳೇ ಮಂದೆ ಕಾಯುತ್ತಾಳೆ. ಕೆರೆಗೆ ಬಿಡುವುದಿಲ್ಲ, ಬೋರಿನ ತೊಟ್ಟಿಯಲ್ಲೇ ನೀರು ಕುಡಿಸುತ್ತಾಳೆ ಎಂದು ಯಾರೋ ಹೇಳಿದರು. ಜುಂಜೇಶ ಒಮ್ಮೆ ನೋಡಲು ಹೋಗಿದ್ದ. ಊಟಕ್ಕಿಟ್ಟಳು. ಸಿಕ್ಕಿತಾ ಎಂದು ಅವಳು ಕೇಳಲಿಲ್ಲ.

ಬೇಸಿಗೆಗೆ ನೀರಿಳಿದರೆ ಜಾಲಿಕಾವಲು ಬಯಲಾಗುತ್ತದೆ, ಆಗ ನಡೆದೇ ಹೋಗಿ ನೋಡಬಹುದು ಎಂದು ಅವನೊಳಗೆ ಒಂದು ಎಣಿಕೆಯಿತ್ತು. ಆ ಬೇಸಿಗೆಯಲ್ಲಿ ನೀರು ಅಷ್ಟಾಗಿ ಇಳಿಯಲಿಲ್ಲ. ಮುಂದಿನ ಸಲವೂ ದಿಬ್ಬದ ಬುಡದವರೆಗೆ ಇಳಿದು ನಿಂತಿತು. ಹಿರಿಯೂರಿನಲ್ಲಿ ಒಂದು ಮದುವೆಯ ಊಟದ ಪಂಕ್ತಿಯನ್ನು ಅವನು ವಿಡಿಯೋ ಮಾಡುತ್ತಿದ್ದಾಗ, ಎಲೆಯ ಮುಂದೆ ಕುಂತಿದ್ದ ಯಜಮಾನರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಈ ವರ್ಷನೂ ಮಾರಿಕಣಿವೆ ಕೋಡಿ ಬೀಳುತ್ತಂತೆ. ನಮ್ ಪುಣ್ಯ ನೋಡ್ರಿ." ಸಾಲಿನಲ್ಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು. ಬರಗಾಲ ಕಂಡ ಜನ. ಅವರ ಸಂತೋಷದಲ್ಲಿ ತಪ್ಪೇನೂ ಇರಲಿಲ್ಲ. ಈ ಸೀಮೆಯಲ್ಲಿ ಹುಟ್ಟಿ, ನೀರು ಬತ್ತಲಿ ಎಂದು ಬೇಡಿಕೊಳ್ಳುವವನು ತಾನೊಬ್ಬನೇ ಇರಬೇಕು ಅನ್ನಿಸಿತು ಜುಂಜೇಶನಿಗೆ. ಆ ಮಾತನ್ನು ಯಾರ ಮುಂದೆ ತಾನೆ ಆಡುವುದು?

"ಈ ಕಡೆ ನೋಡ್ರಿ ಯಜಮಾನ್ರೆ" ಎಂದ. ಅವರು ನಕ್ಕು ನೋಡಿದರು.