ಕಿಟಕಿ ಪಕ್ಕದ ಕಾಟಿಗೆ ಬಂದ ಬುತ್ತಿ

ಧಾರವಾಡದ ಹಾಸ್ಟೆಲ್ಲಿಗೆ ನಾನು ನಾಲ್ಕು ದಿನ ತಡವಾಗಿ ಹೋದೆ. ಆದರೂ ಹದಿನಾಲ್ಕನೇ ಖೋಲಿಯಲ್ಲಿ ಕಿಟಕಿ ಪಕ್ಕದ ಕಾಟು ನನಗಾಗಿ ಉಳಿದಿತ್ತು. ಅಷ್ಟು ಒಳ್ಳೆಯ ಜಾಗ ಯಾರಿಗೂ ಯಾಕೆ ಬೇಡವಾಯಿತು ಎಂದು ಯೋಚಿಸುವ ಬುದ್ಧಿ ಆಗ ಇರಲಿಲ್ಲ. ಕಾಟಿನ ನವಾರು ನಡುವೆ ಸಡಿಲಾಗಿ ಒಂದು ತಗ್ಗು ಬಿದ್ದಿತ್ತು. ನಾನು ಬಲಮಗ್ಗುಲಿಗೆ ಮಲಗುವವಳು. ತಗ್ಗು ಮಾತ್ರ ಎಡಮಗ್ಗುಲಿಗೆ, ಮೊಣಕಾಲು ಮಡಚಿ ಮಲಗಿದವರ ಅಳತೆಯದು. ಎಷ್ಟು ಅಂಚಿಗೆ ಸರಿದರೂ ಬೆಳಗಾಗುವಷ್ಟರಲ್ಲಿ ನನ್ನ ಮೈ ಅದರೊಳಗೆ ಜಾರಿ, ಮುಖ ಗೋಡೆಯ ಕಡೆ ತಿರುಗಿರುತ್ತಿತ್ತು.

ನಮ್ಮ ಊರು ಗಜೇಂದ್ರಗಡ, ಅಪ್ಪನದು ಸೀರೆ ವ್ಯಾಪಾರ. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿ ಏಳಲು, ಉಣ್ಣಲು, ಸುಮ್ಮನಿರಲು ಕೂಡ ಗಂಟೆ ಬಾರಿಸುತ್ತಿದ್ದರು. ಕಾಲೇಜಿನಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. ಹಿಂದಿನ ಬೆಂಚುಗಳ ತುಂಬ ಹುಡುಗರು, ಮುಂದೆ ಗೋಡೆಗೆ ಒತ್ತಿಕೊಂಡ ನಾವು ಏಳು ಜನ. ಹುಡುಗಿಯರ ಹಾಜರಿ ಬಂದಾಗ ಯಾರೋ ಕೆಮ್ಮುತ್ತಿದ್ದರು. ನಾನು ದನಿ ಹೊರಡದೆ ಬರೀ ಕೈ ಎತ್ತುತ್ತಿದ್ದೆ. ಎಂಟೇ ದಿನಕ್ಕೆ, ಬಂದು ಕರೆದುಕೊಂಡು ಹೋಗಿ ಎಂದು ಅಪ್ಪನಿಗೆ ಕಾಗದ ಬರೆದೆ. ದೀಪಾವಳಿಯವರೆಗೆ ಇರು, ಆಗಲೂ ಬೇಡವೆನಿಸಿದರೆ ಟ್ರಂಕು ತಂದುಬಿಡೋಣ ಎಂದು ಅವರು ಕಾರ್ಡು ಹಾಕಿದರು. ಟ್ರಂಕು ಮನೆಗೆ ಬಂದರೆ ಓದು ಮುಗಿದಂತೆ, ಮುಂದೆ ಲಗ್ನ. ಅದು ಇಬ್ಬರಿಗೂ ಗೊತ್ತಿತ್ತು. ನಾನು ವಾರ ಎಣಿಸತೊಡಗಿದೆ.

ಆಗ ಬುತ್ತಿ ಬರತೊಡಗಿತು. ನಮ್ಮ ಕಡೆಯ ಹಳ್ಳಿಗಳಿಂದ ಓದುವ ಮಕ್ಕಳಿಗೆ ಬುತ್ತಿ ಬಸ್ಸಿನ ಮೇಲೆಯೇ ಬರುತ್ತಿತ್ತು. ಗದಗಿನಲ್ಲಿ ಕಂಡಕ್ಟರು ಇನ್ನೊಂದು ಬಸ್ಸಿನವನಿಗೆ ದಾಟಿಸುತ್ತಿದ್ದ. ಶನಿವಾರ ಸಂಜೆ ಬಾಗಿಲು ಕಾಯುವ ಆಯಿ ನನ್ನ ಖೋಲಿಯ ನಂಬರು ಹೇಳಿ ಗಂಟು ಕೈಗಿಟ್ಟಳು. ಕಳಿಸುತ್ತೇನೆಂದು ಅವ್ವ ಮೊದಲೇ ಹೇಳಿದ್ದಳಲ್ಲ. ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಗಂಟಿನ ಕಿವಿಗಳನ್ನು ಒಳಗೆ ಮಡಚಿ ಸಿಕ್ಕಿಸಿದ್ದರು. ಅವ್ವ ಹಾಗೆ ಕಟ್ಟುವವಳಲ್ಲ. ಅಣ್ಣನ ಹೆಂಡತಿ, ವೈನಿ ಕಟ್ಟಿರಬೇಕು ಎಂದುಕೊಂಡೆ. ಪ್ರತಿ ರೊಟ್ಟಿಯ ಅಂಚಿನಲ್ಲೂ ಬೆರಳೊತ್ತಿದ ಸಣ್ಣ ಗುರುತು ಇರುತ್ತಿತ್ತು. ಅದರ ಮೇಲೆ ನನ್ನ ಬೆರಳಿಟ್ಟು ಮುರಿದು ತಿನ್ನುತ್ತಿದ್ದೆ. ಊಟವೇ ಸೇರದವಳಿಗೆ ಅದು ಸೇರಿತು. ಬುತ್ತಿ ಅರಿವೆಯನ್ನು ಬರಿದೇ ತಿರುಗಿ ಕಳಿಸಬಾರದು ಎಂಬುದು ನಮ್ಮಲ್ಲಿ ರೂಢಿ. ಒಗೆದು, ಕಾನ್ವೆಂಟಿನಲ್ಲಿ ಕಲಿಸಿದಂತೆ ನಾಲ್ಕು ಮಡಿಕೆ ಹಾಕಿ, ಒಳಗೆ ಎರಡು ಪೆಪ್ಪರಮಿಂಟು ಇಟ್ಟು ಆಯಿಯ ಕೈಗೆ ಕೊಡುತ್ತಿದ್ದೆ.

ದೀಪಾವಳಿಗೆ ಮೂರು ವಾರ ಉಳಿದಾಗ ಒಂದು ಶನಿವಾರ ಎರಡು ಗಂಟು ಬಂದವು. ಒಂದು ಅವ್ವನದೇ. ಬಿಚ್ಚುವ ಮೊದಲೇ ಬೆಳ್ಳುಳ್ಳಿಯ ವಾಸನೆಯಿಂದ ತಿಳಿಯಿತು. ಜೊತೆಗೆ ಅಪ್ಪನ ಚೀಟಿ: ವೈನಿಯ ಬಾಣಂತನದಲ್ಲಿ ಇಷ್ಟು ದಿನ ಏನೂ ಕಳಿಸಲಾಗಲಿಲ್ಲ, ಬೇಜಾರಾಗಬೇಡ. ಇನ್ನೊಂದು ಗಂಟು ಹಿಡಿದು ನಾನು ಖೋಲಿಯ ಗೆಳತಿಯನ್ನು ಕೇಳಿದೆ. ಅವಳು ಎರಡನೇ ವರ್ಷದವಳು. ಜಡೆ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು.

"ನಿನಗ ಗೊತ್ತೈತಿ ಅಂತ ತಿಳದಿದ್ದೆ. ಹ್ವಾದ ವರ್ಷ ಆ ಕಾಟಿನ ಮ್ಯಾಲ ಇದ್ದಾಕಿ ನರೇಗಲ್ಲಿನಾಕಿ. ಪರೀಕ್ಷಾಕ್ಕ ಮೊದಲ ಜ್ವರ ಬಂದು ತೀರಕೊಂಡ್ಲು. ಆ ಕಾಟಿಗಿ ಯಾರು ಬಂದಾರ, ಅವರಿಗಿ ಕೊಡ್ರಿ ಅಂತ ಅಕಿ ಅವ್ವ ಕಳಸ್ತಾಳ."

ಸತ್ತವರ ಹೆಸರಿನಲ್ಲಿ ಎಡೆ ಇಡುವುದನ್ನು ನಾನು ಮನೆಯಲ್ಲಿ ನೋಡಿದ್ದೆ. ಅದನ್ನು ಕಾಗೆ ಮುಟ್ಟಬೇಕು. ಇಷ್ಟು ವಾರ ನಾನು ಉಂಡಿದ್ದು ಅದನ್ನೇ ಎನಿಸಿ ಅಂಜಿಕೆ ಬಂತು. ಆಮೇಲೆ ಎರಡು ವಾರ ಗಂಟನ್ನು ಬಿಚ್ಚದೆ ಆಯಿಗೆ ಕೊಟ್ಟೆ; ಅವಳು ಉಂಡು ತಿರುಗಿ ಕಳಿಸಿದ ಅರಿವೆ ಬರಿದೇ ಹೋಯಿತು. ಹಾಸಿಗೆಯನ್ನು ನೆಲಕ್ಕೆ ಎಳೆದುಕೊಂಡೆ. ನೆಲದ ಮೇಲೂ ನಾನು ಎಡಮಗ್ಗುಲಿಗೇ, ಮೊಣಕಾಲು ಮಡಚಿಯೇ ಏಳುತ್ತಿದ್ದೆ. ಕಿಟಕಿಯ ಕಟ್ಟೆಗೆ ಮೊಣಕೈ ಊರಿದರೆ, ಅಲ್ಲಿ ಮರ ಮೊದಲೇ ನುಣುಪಾಗಿ ಸವೆದಿರುತ್ತಿತ್ತು.

ದೀಪಾವಳಿಗೆ ಊರಿಗೆ ಹೋದವಳು ಅಪ್ಪನಿಗೆ ಒಂದೇ ಮಾತು ಹೇಳಿದೆ: ಬೇಡ. ಯಾಕೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ಸೂಟಿ ಮುಗಿದ ಶನಿವಾರ, ಹೆಸರು ತೆಗೆಸಿ ಟ್ರಂಕು ತರಲು ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು.

ನರೇಗಲ್ಲಿನಲ್ಲಿ ಬಸ್ಸು ನಿಂತಿತು. ಹಸಿರು ಬಳೆ ತೊಟ್ಟ ತೆಳ್ಳನೆಯ ಹೆಂಗಸೊಬ್ಬಳು ಕಂಡಕ್ಟರಿಗೆ ಗಂಟು ಎತ್ತಿ ಕೊಡುತ್ತ ಖೋಲಿ ಹದಿನಾಲ್ಕು, ಕಿಡಿಕಿ ಬಾಜೂಕಿನ ಕಾಟು ಎಂದು ಎರಡು ಸಲ ಹೇಳಿದಳು. ಗಂಟಿನ ಕಿವಿಗಳು ಒಳಗೆ ಮಡಚಿದ್ದವು. ನಾನು ಸುಮ್ಮನೆ ಕುಳಿತಿದ್ದರೆ ಬಸ್ಸು ಬಿಟ್ಟುಬಿಡುತ್ತಿತ್ತು.

"ಆ ಕಾಟು ನಂದರಿ" ಅಂದೆ.

ಅವಳು ನನ್ನ ಕಿಟಕಿಯ ಹತ್ತಿರ ಬಂದು ಮುಖ ನೋಡಿದಳು.

"ನೀನೇನವಾ? ಎರಡು ವಾರ ಅರಿವಿ ಬರಿದ ಬಂತು. ರೊಟ್ಟಿ ಭಾಳ ಬಿರಸಾಗಿದ್ವೇನ?"

"ಇಲ್ರಿ. ನನಗ ಅಂಜಿಕಿ ಬಂತರಿ."

ಅದಕ್ಕೆ ಅವಳು ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದನ್ನೇ ಹೇಳಿದೆ ಎಂಬಂತೆ.

"ಅಕಿಗೂ ಅಂಜಿಕಿ ಇತ್ತು. ಬಂದು ಕರಕೊಂಡು ಹೋಗು ಅಂತ ನಾಕು ಕಾಗದ ಬರದ್ಲು. ನಾ ಹೋಗಲಿಲ್ಲ. ಬುತ್ತಿ ಕಳಸ್ಕೋತ ಕುಂತೆ." ಕಿಟಕಿಯ ಸರಳು ಹಿಡಿದು ಕೇಳಿದಳು, "ನೀ ಇರ್ತೀಯಲ್ಲಾ?"

ಪಕ್ಕದಲ್ಲಿ ಅಪ್ಪ ಕುಳಿತಿದ್ದರು. ಅವರ ಕೋಟಿನ ಜೇಬಿನಲ್ಲಿ ಹೆಸರು ತೆಗೆಸುವ ಅರ್ಜಿ ಇತ್ತು. ಅವಳ ಹಣೆಯ ಮೇಲೆ ಜೋಳದ ಹಿಟ್ಟಿನ ಒಂದು ಗೆರೆ ಒಣಗಿತ್ತು.

"ಇರ್ತೀನ್ರಿ."

ಬಾಯಿ ನನ್ನದೇ. ದನಿಯೂ ನನ್ನದೇ ಎಂದು ಈಗಲೂ ಖಾತ್ರಿಯಾಗಿ ಹೇಳಲಾರೆ. ತರಗತಿಯಲ್ಲಿ ಹೊರಡದ ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಂಡಕ್ಟರು ಗಂಟನ್ನು ನನ್ನ ತೊಡೆಯ ಮೇಲಿಟ್ಟ. ಅದು ಇನ್ನೂ ಬೆಚ್ಚಗಿತ್ತು.

ಬಸ್ಸು ಊರು ದಾಟಿದ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ, ಎಡೆಯ ಮಾತನ್ನೂ. ಗದಗಿನಲ್ಲಿ ಬಸ್ಸು ಬದಲಿಸುವಾಗ ಕಟ್ಟೆಯ ಮೇಲೆ ಕುಳಿತು ಅವರೇ ಗಂಟು ಬಿಚ್ಚಿದರು. ಒಂದು ರೊಟ್ಟಿ ಮುರಿದು, ಅರ್ಧ ನನಗೆ ಕೊಟ್ಟು, ಅರ್ಧ ತಾವು ಬಾಯಿಗಿಟ್ಟರು.