ಪೂಜೆಗೆ ಮೊದಲು ತೋಡಿದ ಗುಂಡಿ

ತಳಪಾಯ ಹಾಕುವ ಮೊದಲು ಮಣ್ಣನ್ನು ಪರೀಕ್ಷಿಸಿ ವರದಿ ಬರೆಯುವುದು ನನ್ನ ಜೀವಮಾನದ ಕೆಲಸವಾಗಿತ್ತು. ನನಗಿರುವ ಒಬ್ಬನೇ ಒಡಹುಟ್ಟಿದವನು, ನನ್ನ ತಮ್ಮ, ನಿಟ್ಟುವಳ್ಳಿಯಲ್ಲಿ ಮನೆ ಕಟ್ಟಿಸಲು ಹೊರಟಾಗ, ಅವನು ಕೇಳುವವರೆಗೆ ನಾನು ಕಾಯಲಿಲ್ಲ. ಹರಿಹರದಿಂದ ಇಬ್ಬರು ಆಳುಗಳನ್ನು ಕರೆತಂದು ಅವನ ಸೈಟಿನಲ್ಲಿ ಒಂದಾಳುದ್ದದ ಗುಂಡಿ ತೋಡಿಸಿ, ನಾನೇ ಇಳಿದು ನೋಡಿದೆ. ತಳದವರೆಗೂ ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು.

ಮೇಲೆ ಹತ್ತಿ ಬಂದಾಗ ತಮ್ಮನ ಹೆಂಡತಿ ನಿಂತಿದ್ದಳು.

"ಗುದ್ದಲಿ ಪೂಜೆ ಆಗೋಕೆ ಮುಂಚೇನೇ ಗುಂಡಿ ತೋಡಿಸೀರಲ್ರಿ ಭಾವಾರೆ! ನಾವು ಮನಿ ಕಟ್ಟೋರು, ಹೆಣ ಹೂಳೋರಲ್ಲ."

ತಮ್ಮ ನಕ್ಕುಬಿಟ್ಟ. "ಎದುರಿನ ಮನಿ ನಿಂತೈತಲ್ಲಣ್ಣ, ನಮ್ದೂ ನಿಲ್ತೈತೆ ಬಿಡು."

ಆ ನಗುವನ್ನು ನಾನು ಮರೆತಿಲ್ಲ. ಅಂದೇ ಗುಂಡಿ ಮುಚ್ಚಿಸಿದರು. ಪೂಜೆಗೆ ನನ್ನನ್ನು ಕರೆಯಲಿಲ್ಲ. ಮರುದಿನ ಪ್ರಸಾದ ಮಾತ್ರ ಪರಿಚಯವಿಲ್ಲದ ಆಟೋದವನೊಬ್ಬನ ಕೈಯಲ್ಲಿ ದೇವರಾಜ ಅರಸು ಬಡಾವಣೆಯ ನನ್ನ ಬಾಗಿಲಿಗೆ ಬಂತು. ತಳಪಾಯ ಎಷ್ಟು ಆಳಕ್ಕೆ ಹೋಗಬೇಕೆಂದು ವಿವರವಾಗಿ ಬರೆದು ಕಳುಹಿಸಿದ್ದ ವರದಿಗೆ ಉತ್ತರವೇ ಬರಲಿಲ್ಲ.

ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ; ಮನೆ ಎದ್ದು ನಿಂತದ್ದನ್ನೂ ನೋಡಿರಲಿಲ್ಲ. ಕಳೆದ ಮಳೆಗಾಲದಲ್ಲಿ, ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ಒಂದು ಭಾನುವಾರ, ತಡೆಯಲಾರದೆ ಹೋದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕಿಗೆ ಸಿಮೆಂಟು ಮೆತ್ತಿದ್ದರು. ಅದರ ಪಕ್ಕದಲ್ಲೇ ಹೊಸದೊಂದು ಬಿಟ್ಟಿತ್ತು.

ತಮ್ಮ ಹೊರಗೆ ಬಂದ. "ಬಿರುಕು ನೋಡಾಕ ಬಂದ್ಯೇನಣ್ಣ?"

ನಿನ್ನನ್ನು ನೋಡಲು ಬಂದೆ ಎನ್ನಬಹುದಿತ್ತು. ಅದು ಸತ್ಯವೂ ಆಗಿತ್ತು. ಆದರೆ ನಾನು ಆ ಬಿರುಕು ಎಲ್ಲಿ ಆರಂಭವಾಗಿದೆ, ಯಾಕೆ ಹಾಗೆ ಓರೆಯಾಗಿದೆ ಎಂಬುದನ್ನು ಒಂದೂ ಬಿಡದೆ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ಒಳಗೆ ಹೋದ. ಬಾ ಎನ್ನಲಿಲ್ಲ.