ರಕ್ತದ ಕಾಮಣಿ

ಅವರ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ರಕ್ತದ ಹನಿ ಹಚ್ಚಿದ ಗಾಜಿನ ಪಟ್ಟಿಗೆ ಹಾಕುವ ಬಣ್ಣ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಶಹಾಪುರದ ಸಣ್ಣ ಆಸ್ಪತ್ರೆಯೊಂದರ ಹಿಂಬದಿ ಕೋಣೆಯಲ್ಲಿ ರಕ್ತ ಪರೀಕ್ಷೆ ಕಲಿಯಲು ನಾನು ಸೇರಿದ ದಿನ, ಆ ಉಗುರನ್ನೇ ಮೇಜಿಗೆ ಕುಟ್ಟಿ ಪಾಠ ಶುರು ಮಾಡಿದ್ದರು. ನಾವು ಅವರನ್ನು ಲ್ಯಾಬ್ ಸರ್ ಎನ್ನುತ್ತಿದ್ದೆವು.

"ವೈರಸ್ ಅಂದ್ರ ಎರಡ ಮಾತು ಕೇಳಬೇಕು ತಂಗಿ. ಒಳಗ ಡಿಎನ್‌ಎ ಅದನೋ, ಆರ್‌ಎನ್‌ಎ ಅದನೋ? ಮೈಮ್ಯಾಲ ಅಂಗಿ ಅದನೋ, ಇಲ್ಲೋ?"

ಅಂಗಿ ಎಂದರೆ ವೈರಸ್ಸಿನ ಮೇಲಿನ ಕೊಬ್ಬಿನ ಪೊರೆ. ಫ್ಲೂ, ಕೊರೊನಾ ಅಂಗಿ ತೊಟ್ಟವು, ಸಾಬೂನಿಗೆ ಸಾಯುತ್ತವೆ. ಪೋಲಿಯೊ ಬರಿಮೈಯದು, ಮಹಾ ಮೊಂಡ. ನೆಗಡಿಗೆಲ್ಲ ಆಂಟಿಬಯೋಟಿಕ್ ನುಂಗುವವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಸಿಟ್ಟು: "ಅದು ಬ್ಯಾಕ್ಟೀರಿಯಾದ ಔಷಧ. ವೈರಸ್ಸಿಂದು ಅದರಿಂದ ಕೂದಲೂ ಕೊಂಕಂಗಿಲ್ಲ."

ನಮ್ಮ ಕಡೆ ಕಣ್ಣು ಹಳದಿಯಾದರೆ ಎಲ್ಲದಕ್ಕೂ ಕಾಮಣಿ ಎಂದು ಒಂದೇ ಹೆಸರು, ಎಲ್ಲದಕ್ಕೂ ರೋಗಿಯ ಊಟದ ತಾಟು ಬೇರೆ ಇಡುವ ಒಂದೇ ಪದ್ಧತಿ. ಸರ್ ಅದನ್ನು ಬಿಡಿಸಿ ಹೇಳಿದರು. ಹೊಲಸು ನೀರು, ಊಟದಿಂದ ಬರುವುದು ಹೆಪಟೈಟಿಸ್ ಎ. ರಕ್ತದಿಂದ, ಸೂಜಿಯಿಂದ, ಹೆರಿಗೆಯಲ್ಲಿ ತಾಯಿಯಿಂದ ಬರುವುದು ಬಿ. "ರಕ್ತದ ಕಾಮಣಿ ತಾಟಿನಾಗ ಕುಂತು ಬರಂಗಿಲ್ಲ." ನನಗೆ ಮೂರು ಡೋಸ್ ಲಸಿಕೆ ಹಾಕಿಸಿ, ಅದು ಹತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ, ಆಮೇಲಷ್ಟೇ ಸೂಜಿ ಮುಟ್ಟಗೊಟ್ಟರು.

ಊಟದ ಡಬ್ಬಿ ಬಿಚ್ಚಿದವರು ಎದುರಿಗಿದ್ದವರನ್ನು ಕರೆಯದೆ ತುತ್ತೆತ್ತುವುದು ನಮ್ಮಲ್ಲಿಲ್ಲ. ಸರ್ ದಿನಾ ಕರೆಯುತ್ತಿದ್ದರು. ಅವರೇ ಬಡಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ. ಆರು ತಿಂಗಳು ಕೂಡಿಯೇ ಉಂಡೆವು.

ಒಂದು ದಿನ ಅವರೇ ಹೇಳಿದರು, ತಮಗೂ ರಕ್ತದ ಕಾಮಣಿ ಇದೆಯೆಂದು. ಹಿಂದೆ, ಲಸಿಕೆ ಸಿಗದ ಕಾಲದಲ್ಲಿ, ಕೈಗೆ ಚುಚ್ಚಿದ ಸೂಜಿಯಿಂದ ಬಂದದ್ದು. ಗೊತ್ತಾಗುವಷ್ಟರಲ್ಲಿ ಲಿವರ್ ಕೆಟ್ಟಿತ್ತು. ದಿನಕ್ಕೊಂದು ಗುಳಿಗೆ ನುಂಗುತ್ತಿದ್ದರು. "ಇದು ವೈರಸ್ಸಿಗೆ ಕಟ್ಟಿ ಹಾಕ್ತದ, ಓಡಸಂಗಿಲ್ಲ." ಸುರಪುರದ ಅಣ್ಣನ ಮನೆಯಲ್ಲಿ ತಾಟು ಬೇರೆ ಇಟ್ಟಾಗ ಜಗಳ ಮಾಡದೆ ಇಲ್ಲಿಗೆ ಬಂದು, ಕೋಣೆ ಹಿಡಿದು ಒಬ್ಬರೇ ಉಳಿದಿದ್ದರು.

ಮರುದಿನ ಎಂದಿನಂತೆ ಕರೆದರು. "ಬಾ ತಂಗಿ, ಊಟ ಮಾಡೂಣು."

"ಇವತ್ತ ದೇವರ ವಾರ ಅದ್ರಿ ಸರ್, ಉಪಾಸ," ಎಂದೆ.

ಬೆಳಿಗ್ಗೆ ಅವರೆದುರೇ ಮಂಡಕ್ಕಿ ಸುಸ್ಲಾ ತಿಂದಿದ್ದೆ. ಅವರು ನನ್ನ ಮುಖ ನೋಡಿ "ಆತು" ಎಂದರು, ಅಷ್ಟೇ. ಅಂದಿನಿಂದ ಕರೆಯುವುದನ್ನೇ ಬಿಟ್ಟು, ಕುರ್ಚಿಯನ್ನು ಕಿಟಕಿಗೆ ತಿರುಗಿಸಿಕೊಂಡು ಉಣ್ಣತೊಡಗಿದರು. ಪಾಠ ಮಾತ್ರ ನಿಲ್ಲಿಸಲಿಲ್ಲ. ಕಲಿತ ಹುಡುಗಿ, ಲಸಿಕೆ ಹಾಕಿಸಿಕೊಂಡ ಹುಡುಗಿ, ನನಗೆ ಅವರೆದುರು ಹೋಗಿ ಕೂರಲು ಆಗಲಿಲ್ಲ. ಮೊದಮೊದಲು ಅಂಜಿಕೆ, ಆಮೇಲೆ ನಾಚಿಕೆ. ಹೀಗೆಯೇ ಎರಡು ವರ್ಷ ಕಳೆದವು.

ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಅವರು ಯಾದಗಿರಿಯ ಆಸ್ಪತ್ರೆ ಸೇರಿದರು. ಬೇರೆ ಯಾರೂ ಬರುತ್ತಿರಲಿಲ್ಲ. ನಾನು ರೊಟ್ಟಿ ಕಟ್ಟಿಕೊಂಡು ಹೋಗಿ, ಅವರ ತಾಟಿಗೆ ಹಾಕಿ, ಅದೇ ತಾಟಿಗೆ ಕೈ ಹಾಕಿದೆ.

"ನನಗೇನೂ ತೋರಸಬ್ಯಾಡ ತಂಗಿ," ಎಂದರು. "ಪಾಠ ನಿನಗ ಬಂದಿತ್ತು. ಅಂಜಿಕಿ ಹೋಗಿರ್ಲಿಲ್ಲ, ಅಷ್ಟ."

"ತಪ್ಪಾತ್ರಿ ಸರ್."

"ಎರಡು ವರ್ಷ ಕಿಟಕಿ ನೋಡಕೋತ ಉಂಡೀನಿ. ರುಚೀನ ಹತ್ತಲಿಲ್ಲ ನೋಡು."

ಅವರು ಒಂದು ಚೂರು ರೊಟ್ಟಿ ಬಾಯಿಗಿಟ್ಟುಕೊಂಡರು, ನುಂಗಲಾಗಲಿಲ್ಲ. ಉಳಿದದ್ದನ್ನು ನಾನು ಅಳುತ್ತಲೇ ತಿಂದೆ. ತಿಂದು ಮುಗಿಸುವ ತನಕ ಅವರು ನನ್ನನ್ನೇ ನೋಡುತ್ತಿದ್ದರು. ಹೊರಟಾಗ, "ನಾಳಿ ಜರಾ ಲಗೂ ಬಾ. ಕೂಡಿ ಉಣ್ಣೂಣು," ಎಂದರು.

ಮರುದಿನ ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಲಗೂನೇ, ಊಟದ ಹೊತ್ತಿಗೂ ಮೊದಲೇ ಹೋದೆ. ಅಷ್ಟರಲ್ಲೇ ಆಸ್ಪತ್ರೆಯವರು ಅವರ ಮಂಚ ಖಾಲಿ ಮಾಡಿ, ಹಾಸಿಗೆ ಸುತ್ತಿಟ್ಟಿದ್ದರು.